ಕಪ್ಪು ಕಾಯಿಯಲ್ಲಿ ಅರ್ಧ ಅಂಕ: 25 ನಡೆಗಳ ಒಂದು ಡ್ರಾ ಆಟವನ್ನು ಬಿಡಿಸಿ ಕಲಿಯುವ ಬಗೆ

ಕೊಯ್ಲಿನ ಕಾಲದ ಒಂದು ಭಾನುವಾರ, ಗೋಣಿಕೊಪ್ಪದಲ್ಲಿ ಚೆಸ್ ಟೂರ್ನಿ ಮುಗಿಸಿ ಮನೆ ಸೇರುವಾಗ ಸಂಜೆಯಾಗಿತ್ತು. ದೊಡ್ಡಪ್ಪ ಕಣದಲ್ಲಿ ಹರವಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದೆಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು: "ಗೆದ್ದೆಯೋ, ಸೋತೆಯೋ?"

"ಕೊನೆಯದು ಡ್ರಾ ಆಯಿತು ದೊಡ್ಡಪ್ಪ."

"ಮತ್ತೆ ಶೂಟೌಟ್?"

ಅವರನ್ನು ದೂರುವಂತಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೋಡುತ್ತಲೇ ಬೆಳೆದ ಜಿಲ್ಲೆ ನಮ್ಮದು. ಸಮಬಲವಾದರೆ ಯಾರಾದರೊಬ್ಬರು ಗೆಲ್ಲುವವರೆಗೆ ಬಿಡುವುದಿಲ್ಲ ಎಂಬುದು ಇಲ್ಲಿನ ರಕ್ತದಲ್ಲಿದೆ. ಇಬ್ಬರೂ ಕೈ ಕುಲುಕಿ ಅರ್ಧರ್ಧ ಅಂಕ ಹಂಚಿಕೊಂಡು ಎದ್ದು ಬರುವುದನ್ನು ದೊಡ್ಡಪ್ಪ ಇವತ್ತಿಗೂ ಆಟ ಎಂದು ಒಪ್ಪಿಲ್ಲ.

ಆದರೆ ಲೆಕ್ಕ ನೋಡಿ. ಅಂದು ನನ್ನೆದುರು ಕೂತಿದ್ದವರ ರೇಟಿಂಗ್ ನನ್ನದಕ್ಕಿಂತ ಸುಮಾರು 200 ಹೆಚ್ಚು. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ಕೋಷ್ಟಕದ ಪ್ರಕಾರ 200 ಅಂತರವಿದ್ದರೆ ಕೆಳಗಿನವನಿಂದ ನಿರೀಕ್ಷಿಸುವುದು ಒಂದು ಆಟಕ್ಕೆ 0.24 ಅಂಕ. ಡ್ರಾ ಮಾಡಿಕೊಂಡರೆ 0.5. ಹೊಸದಾಗಿ ರೇಟಿಂಗ್ ಪಡೆದವರಿಗೆ ಈ 0.26 ವ್ಯತ್ಯಾಸವನ್ನು ಗುಣಿಸುವ ಗುಣಕ 40 ಇರುವುದರಿಂದ ಆ ಅರ್ಧ ಅಂಕ ರೇಟಿಂಗ್‌ಗೆ 10.4 ಅಂಶ ಸೇರಿಸುತ್ತದೆ. ಅದೂ ಕಪ್ಪು ಕಾಯಿಯಲ್ಲಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರಗಳಿಂದ ಮೈಸೂರಿನ ಟೂರ್ನಿಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಹೆಚ್ಚಿನ ಸುತ್ತುಗಳಲ್ಲಿ ಎದುರಾಗುವುದು ತಮಗಿಂತ ಬಲವಾದವರೇ. ಅವರ ಎದುರು ಕಪ್ಪು ಹಿಡಿದು ಬದುಕಿ ಬರುವುದನ್ನು ಕಲಿಸಬಹುದು, ಕಲಿಯಬಹುದು. ಅದಕ್ಕೊಂದು ಕ್ರಮವಿದೆ.

ಆ ಕ್ರಮಕ್ಕೆ ನನ್ನ ಆಟವನ್ನು ಮಾದರಿಯಾಗಿ ಕೊಡುವ ಧೈರ್ಯ ನನಗಿಲ್ಲ. ಅದಕ್ಕಿಂತ ಎಷ್ಟೋ ಒಳ್ಳೆಯ ಆಟ 2013ರ ನವೆಂಬರ್ 10ರಂದು ಚೆನ್ನೈನಲ್ಲಿ ನಡೆದಿದೆ. ವಿಶ್ವ ಚಾಂಪಿಯನ್‌ಷಿಪ್‌ನ ಎರಡನೇ ಆಟ. ಬಿಳಿ ವಿಶ್ವನಾಥನ್ ಆನಂದ್, ಕಪ್ಪು ಮ್ಯಾಗ್ನಸ್ ಕಾರ್ಲ್‌ಸನ್. ಕಾರೋ–ಕಾನ್ ಡಿಫೆನ್ಸ್‌ನ ಕ್ಲಾಸಿಕಲ್ ಕವಲು. 25 ನಡೆಗಳಲ್ಲಿ ಡ್ರಾ. ಹಿಂದಿನ ದಿನದ ಆಟ 16 ನಡೆಗಳಲ್ಲೇ ಡ್ರಾ ಆಗಿತ್ತು. ಎರಡನೆಯದೂ ಹೀಗೆ ಮುಗಿದಾಗ ಟಿವಿ ಮುಂದೆ ಕೂತಿದ್ದ ನಾನೂ ಮುಖ ಸಿಂಡರಿಸಿದ್ದೆ. ಮಂಡಳಿಯ ಮೇಲೆ ಕಾಯಿ ಇಟ್ಟು ಒಂದೊಂದೇ ನಡೆ ಆಡಿ ನೋಡಿದ್ದು ಬಹಳ ವರ್ಷಗಳ ನಂತರ, ಕರೆಂಟ್ ಇಲ್ಲದ ಒಂದು ಮಳೆಯ ದಿನ. ಆಗ ತಿಳಿಯಿತು, ನನಗೆ ನೋಡಲು ಬಂದಿರಲಿಲ್ಲ ಎಂದು.

ಕಾಯಿಗಳ ಹೆಸರಿನ ಬಗ್ಗೆ ಒಂದು ಮಾತು: ಇಲ್ಲಿ ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದು ಬರೆದಿದ್ದೇನೆ. ರಾಣಿಯನ್ನು ಮಂತ್ರಿ ಎನ್ನುವ ಮನೆಗಳೂ ಇವೆ, ಜಗಳವಿಲ್ಲ. ಕಾಯಿಯ ಹೆಸರಿಲ್ಲದೆ ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. × ಎಂದರೆ ಹೊಡೆತ. ಮನೆಯ ಹೆಸರಿನಲ್ಲಿ ಅಕ್ಷರ (ಎ–ಎಚ್) ಬಿಳಿಯ ಎಡದಿಂದ ಎಣಿಸುವ ಉದ್ದ ಸಾಲು, ಅಂಕಿ (1–8) ಬಿಳಿಯ ಕಡೆಯಿಂದ ಎಣಿಸುವ ಅಡ್ಡ ಸಾಲು. ಪ್ರತಿ ಸಾಲಿನಲ್ಲಿ ಮೊದಲು ಬಿಳಿಯ ನಡೆ, ಆಮೇಲೆ ಕಪ್ಪಿನದು; ಅಂಕಿಯ ಮುಂದೆ ಮೂರು ಚುಕ್ಕಿ ಇದ್ದರೆ ಅದು ಕಪ್ಪಿನ ನಡೆ. ಕ್ಯಾಸ್ಲಿಂಗ್ ಎಂದರೆ ರಾಜ, ಆನೆ ಎರಡೂ ಒಟ್ಟಿಗೆ ಸರಿಯುವ ನಡೆ.

1. ಮೊಬೈಲ್ ಪಕ್ಕಕ್ಕಿಟ್ಟು ಮಂಡಳಿ ಹಾಸಿ

ಚೆಸ್ ಎಂಜಿನ್ ಹಾಕಿದರೆ ಈ ಆಟದ ಉದ್ದಕ್ಕೂ ಅದು ಹೆಚ್ಚುಕಡಿಮೆ ಸಮ ಸಮ ಎನ್ನುತ್ತದೆ. ಅಷ್ಟು ತಿಳಿದು ನಿಮಗೇನೂ ಸಿಗುವುದಿಲ್ಲ. ನಿಜವಾದ ಮಂಡಳಿ, ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಕಪ್ಪು ಕಾಯಿಯ ಕಡೆ ಕೂರಿ. ಪ್ರತಿ ಬಿಳಿ ನಡೆಯ ನಂತರ ಕೆಳಗಿನ ಸಾಲನ್ನು ಕಾಗದದಿಂದ ಮುಚ್ಚಿ, ನಿಮ್ಮ ಉತ್ತರ ಬರೆದು, ಆಮೇಲೆ ಕಾಗದ ಸರಿಸಿ.

2. ಮೊದಲ ಏಳು ನಡೆ: ಒಂಟೆ ಹೊರಗೆ ಬರಲಿ, ಆದರೆ ವಾಪಸು ಬರುವ ದಾರಿ ನೋಡಿಕೊಂಡು

1. ಇ4 ಸಿ6 
2. ಡಿ4 ಡಿ5 
3. ಕುದುರೆ ಸಿ3 ಡಿ×ಇ4 
4. ಕುದುರೆ×ಇ4 ಒಂಟೆ ಎಫ್5 
5. ಕುದುರೆ ಜಿ3 ಒಂಟೆ ಜಿ6 
6. ಎಚ್4 ಎಚ್6 
7. ಕುದುರೆ ಎಫ್3 ಇ6

19ನೇ ಶತಮಾನದ ಕೊನೆಯ ಭಾಗದಲ್ಲಿ ಹೊರೇಶಿಯೊ ಕಾರೋ ಮತ್ತು ಮಾರ್ಕಸ್ ಕಾನ್ ಇದನ್ನು ಆಡಿ, ವಿಶ್ಲೇಷಿಸಿ ಹೆಸರು ಬಿಟ್ಟುಹೋದರು. ಕಾಪಾಬ್ಲಾಂಕ, ಬೋಟ್ವಿನ್ನಿಕ್, ಕಾರ್ಪೋವ್ ಅವರಂಥ ವಿಶ್ವ ಚಾಂಪಿಯನ್ನರು ನೆಚ್ಚಿದ ಡಿಫೆನ್ಸ್ ಇದು. ಸಿ6 ಎಂಬ ಆ ಪುಟ್ಟ ನಡೆಯ ಕೆಲಸ ಮುಂದಿನ ನಡೆಯಲ್ಲಿ ಬರುವ ಡಿ5 ಕಾಲಾಳಿಗೆ ಬೆನ್ನು ಕೊಡುವುದು. ಇದೇ ಕೆಲಸವನ್ನು ಫ್ರೆಂಚ್ ಡಿಫೆನ್ಸ್ ಇ6 ಆಡಿ ಮಾಡುತ್ತದೆ. ಅಲ್ಲಿ ಸಿ8ರ ಒಂಟೆ ತನ್ನದೇ ಕಾಲಾಳಿನ ಹಿಂದೆ ಸಿಕ್ಕಿಬೀಳುತ್ತದೆ. ಕಾರೋ–ಕಾನ್‌ನಲ್ಲಿ ಆ ಒಂಟೆಗೆ ಬಾಗಿಲು ತೆರೆದಿದೆ. ನಾಲ್ಕನೇ ನಡೆಗೆ ಅದು ಎಫ್5ರಲ್ಲಿ ನಿಂತು ಗಾಳಿ ತೆಗೆದುಕೊಳ್ಳುತ್ತಿದೆ. ಇ6 ಆಡುವುದು ಆಮೇಲೆ.

ಮಳೆಗಾಲದ ಭಾನುವಾರಗಳಲ್ಲಿ ಮಡಿಕೇರಿಯ ನಮ್ಮ ಜಗಲಿಯಲ್ಲಿ ನಾಲ್ಕೈದು ಮಕ್ಕಳು ಕೂತು ಆಡುತ್ತಾರೆ. ಅವರಲ್ಲಿ ಒಬ್ಬಳು ಈ ಡಿಫೆನ್ಸ್ ಕಲಿತ ಮೊದಲ ವಾರವೇ ಒಂದೇ ಜಾಗದಲ್ಲಿ ಮೂರು ಸಲ ಒಂಟೆ ಕಳೆದುಕೊಂಡಳು. ಜಾಗ ಯಾವುದೆಂದರೆ ಬಿಳಿಯ ಆರನೇ ನಡೆ, ಎಚ್4. ನೋಡಲು ಅಂಚಿನ ಕಾಲಾಳಿನ ಪಾಪದ ನಡೆ. ಅವಳು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಬಿ8ರ ಕುದುರೆಯನ್ನು ಡಿ7ಕ್ಕೆ ತಂದಳು. ಬಿಳಿ ಎಚ್5. ಈಗ ಜಿ6ರ ಒಂಟೆಯ ಒಂದೊಂದೇ ದಾರಿ ಬೆರಳಿಟ್ಟು ನೋಡಿ. ಎಫ್5 ಮತ್ತು ಇ4 ಎರಡನ್ನೂ ಜಿ3ರ ಕುದುರೆ ಕಾಯುತ್ತಿದೆ. ಡಿ3ಕ್ಕೆ ಹೋದರೆ ಬಿಳಿಯ ಒಂಟೆ ಹೊಡೆಯುತ್ತದೆ. ಸಿ2 ಹೊಡೆದರೆ ರಾಣಿ ಹೊಡೆಯುತ್ತಾಳೆ. ಎಚ್5ರ ಕಾಲಾಳನ್ನೇ ಹೊಡೆದರೆ ಎಚ್1ರ ಆನೆ ಕಾದಿದೆ. ಹಿಂದೆ ಎಚ್7ರಲ್ಲಿ ತನ್ನದೇ ಕಾಲಾಳು. ಒಂಟೆ ಹೋಯಿತು.

ಹಾಗಾಗಿ ಇಲ್ಲಿ 6...ಎಚ್6 ಆಡುವುದೇ ರೂಢಿ. ಅದು ಎಚ್7ರಲ್ಲಿ ಒಂಟೆಗೊಂದು ಕೋಣೆ ಮಾಡಿಕೊಡುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಡಬೇಡಿ; ಒಂದು ಸಲ ಕಳೆದುಕೊಳ್ಳಲು ಬಿಡಿ. ಮೂರು ಸಲ ಬೇಕಾಗಿಲ್ಲ.

ಇನ್ನೊಂದು ಬಲೆ ಇದರ ಪಕ್ಕದ ಕವಲಿನಲ್ಲಿದೆ. ನಾಲ್ಕನೇ ನಡೆಯಲ್ಲಿ ಒಂಟೆಯ ಬದಲು ಕುದುರೆಯನ್ನು ಡಿ7ಕ್ಕೆ ತರುವವರಿದ್ದಾರೆ, ಅದೂ ಸರಿಯಾದ ನಡೆಯೇ. ಆದರೆ ಬಿಳಿ 5. ರಾಣಿ ಇ2 ಆಡಿದಾಗ ಯೋಚಿಸದೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ 6. ಕುದುರೆ ಡಿ6, ಮೇಟ್. ಇ7ರ ಕಾಲಾಳಿಗೆ ಹೊಡೆಯುವ ಅಧಿಕಾರವಿಲ್ಲ, ಅದರ ಹಿಂದೆ ರಾಜ, ಮುಂದೆ ರಾಣಿ. ಆರು ನಡೆಗೆ ಆಟ ಮುಗಿದು ಹುಡುಗರು ಹೊರಗೆ ಬಂದು ಚಹಾ ಕುಡಿಯುವುದನ್ನು ಟೂರ್ನಿಗಳಲ್ಲಿ ಕಂಡಿದ್ದೇನೆ.

ಏಳನೇ ನಡೆಯಲ್ಲಿ ಹೆಚ್ಚಿನವರು ಕುದುರೆಯನ್ನು ಡಿ7ಕ್ಕೆ ತಂದು, ಬಿಳಿಯ ಕುದುರೆ ಇ5ಕ್ಕೆ ಬರದಂತೆ ತಡೆಯುತ್ತಾರೆ. ಕಾರ್ಲ್‌ಸನ್ ತಡೆಯಲಿಲ್ಲ. ಬರಲಿ, ಬಂದ ಮೇಲೆ ಅದನ್ನೇ ಹೊಡೆದು ಹಾಕಿದರಾಯಿತು ಎಂಬ ಲೆಕ್ಕ ಮುಂದೆ ಕಾಣುತ್ತದೆ.

3. ಯಾವುದನ್ನು ಕೊಟ್ಟು ಯಾವುದನ್ನು ಪಡೆಯಬೇಕು

8. ಕುದುರೆ ಇ5 ಒಂಟೆ ಎಚ್7 
9. ಒಂಟೆ ಡಿ3 ಒಂಟೆ×ಡಿ3 
10. ರಾಣಿ×ಡಿ3 ಕುದುರೆ ಡಿ7 
11. ಎಫ್4 ಒಂಟೆ ಬಿ4, ಚೆಕ್ 
12. ಸಿ3 ಒಂಟೆ ಇ7 
13. ಒಂಟೆ ಡಿ2 ಜಿ-ಕುದುರೆ ಎಫ್6 
14. ರಾಣಿಯ ಕಡೆ ಕ್ಯಾಸ್ಲಿಂಗ್. ರಾಜನ ಕಡೆ ಕ್ಯಾಸ್ಲಿಂಗ್
15. ಕುದುರೆ ಇ4 ಕುದುರೆ×ಇ4 
16. ರಾಣಿ×ಇ4 ಕುದುರೆ×ಇ5 
17. ಎಫ್×ಇ5 ರಾಣಿ ಡಿ5 
18. ರಾಣಿ×ಡಿ5 ಸಿ×ಡಿ5

ಈ ಆಟದ ಹೂರಣ ಇರುವುದು ಇಲ್ಲಿ. ನಿಧಾನವಾಗಿ ಆಡಿ.

"ಡ್ರಾ ಬೇಕಿದ್ದರೆ ಸಿಕ್ಕಿದ್ದನ್ನೆಲ್ಲ ಹೊಡೆದಾಡಿ ಖಾಲಿ ಮಾಡು" ಎಂಬ ಉಪದೇಶ ನಮ್ಮ ಕಡೆ ಚಾಲ್ತಿಯಲ್ಲಿದೆ. ಅದನ್ನು ನಂಬಿ ಸೋತವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಎಲ್ಲ ಕಾಯಿ ಹೊಡೆಸಿ ಕೊನೆಗೆ ಉಳಿದ ಕಾಲಾಳುಗಳ ಆಟದಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದರೆ ಅಲ್ಲಿಂದ ಎದ್ದು ಬರುವ ದಾರಿಯೇ ಇಲ್ಲ. ಹೊಡೆಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಎದುರಾಳಿಯ ಕಾಯಿಗಳಲ್ಲಿ ನನಗೆ ನಾಳೆ ತೊಂದರೆ ಕೊಡುವಂಥದ್ದು ಯಾವುದು?

ಹದಿನಾಲ್ಕನೇ ನಡೆ ಮುಗಿದಾಗ ಮಂಡಳಿಯನ್ನು ಎರಡು ನಿಮಿಷ ಸುಮ್ಮನೆ ನೋಡಿ. ಬಿಳಿಯ ರಾಜ ಒಂದು ಕಡೆ, ಕಪ್ಪು ರಾಜ ಇನ್ನೊಂದು ಕಡೆ. ಬಿಳಿಯ ಎಚ್ ಕಾಲಾಳು ಆಗಲೇ ಎರಡು ಹೆಜ್ಜೆ ಮುಂದಿದೆ. ಜಿ ಕಾಲಾಳು ಹೊರಡುವುದೇ ತಡ, ಕಪ್ಪು ರಾಜನ ಬೇಲಿ ಮುರಿಯುತ್ತದೆ. ಇ5ರ ಕುದುರೆ ನಡುಮನೆಯಲ್ಲಿ ಕಾಲು ಚಾಚಿ ಕೂತ ನೆಂಟನಂತೆ ಕೂತಿದೆ, ಎಫ್4ರ ಕಾಲಾಳು ಅದಕ್ಕೆ ದಿಂಬು. ರಾಣಿ ಡಿ3ರಿಂದ ಎಚ್7ರತ್ತ ನೆಟ್ಟ ನೋಟದಲ್ಲಿದ್ದಾಳೆ. ಅಂದರೆ ಕಪ್ಪಿಗೆ ತೊಂದರೆ ಕೊಡುವ ಕಾಯಿಗಳು ಮೂರು: ಎರಡು ಕುದುರೆ, ಒಬ್ಬಳು ರಾಣಿ.

ಮುಂದಿನ ನಾಲ್ಕೇ ನಡೆಗಳಲ್ಲಿ ಆ ಮೂರೂ ಮಂಡಳಿಯಿಂದ ಆಚೆ. ಇ4ಕ್ಕೆ ಬಂದ ಕುದುರೆಯನ್ನು ಹೊಡೆದರು. ಇ5ರ ಕುದುರೆಯನ್ನು ಹೊಡೆದರು. ಆಮೇಲೆ 17...ರಾಣಿ ಡಿ5. ನನಗೆ ಇಡೀ ಆಟದಲ್ಲಿ ಬಹಳ ಇಷ್ಟವಾದ ನಡೆ ಇದೇ. ಡಿ5ರಲ್ಲಿ ಕಪ್ಪು ರಾಣಿಗೆ ಸಿ6 ಮತ್ತು ಇ6ರ ಕಾಲಾಳುಗಳ ಕಾವಲಿದೆ. ಅವಳು ಬಿಳಿ ರಾಣಿಯ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾಳೆ. ಜೊತೆಗೆ ಓರೆಯಾಗಿ ಎ2ರ ಕಾಲಾಳಿನ ಮೇಲೂ ಕಣ್ಣಿಟ್ಟಿದ್ದಾಳೆ. ಬಿಳಿ ರಾಣಿ ಪಕ್ಕಕ್ಕೆ ಸರಿದರೆ ಎ2 ಹೋಗುತ್ತದೆ, ಅದೂ ಬಿಳಿಯ ರಾಜನ ಹತ್ತಿರದ ಕಾಲಾಳು.

ಆನಂದ್ ಅವರಿಗೆ ಇಲ್ಲಿ ಎರಡು ದಾರಿಗಳಿದ್ದವು. ಒಂದು, ರಾಣಿಯನ್ನು ಜಿ4ಕ್ಕೆ ತಂದು ಎಚ್6ರ ಮೇಲೆ ಒಂಟೆ ಬಿಡುವ ಬೆದರಿಕೆ ಹಾಕುವುದು. ಎ2 ಹೋದರೆ ಹೋಗಲಿ ಎಂದು ಇಬ್ಬರ ರಾಜರ ಮೇಲೂ ಬೆಂಕಿ ಹಚ್ಚುವ ದಾರಿ. ಇನ್ನೊಂದು, ರಾಣಿಗಳನ್ನು ಅದಲುಬದಲು ಮಾಡಿ ಶಾಂತವಾಗುವುದು. ವಿಶ್ಲೇಷಕರೆಲ್ಲ ಮೊದಲ ದಾರಿಯ ಬಗ್ಗೆ ಬಹಳ ಮಾತನಾಡಿದರು. ಆನಂದ್ ಎರಡನೆಯದನ್ನು ಆರಿಸಿದರು. ನೀವು ಬಿಳಿಯ ಕಡೆ ಇದ್ದಿದ್ದರೆ? ನೋಟ್‌ಬುಕ್‌ನಲ್ಲಿ ಉತ್ತರ ಬರೆದು, ಸ್ನೇಹಿತನೊಬ್ಬನನ್ನು ಕೂರಿಸಿಕೊಂಡು 18. ರಾಣಿ ಜಿ4ರಿಂದ ಆಡಿ ನೋಡಿ. ಒಂದು ಮಧ್ಯಾಹ್ನ ಹೋಗುತ್ತದೆ, ನಷ್ಟವೇನಿಲ್ಲ.

ಎರಡು ಸಣ್ಣ ಸಂಗತಿಗಳು ಬಿಟ್ಟುಹೋದವು. ಹನ್ನೊಂದನೇ ನಡೆಯಲ್ಲಿ ಕಪ್ಪು ಒಂಟೆ ಬಿ4ಕ್ಕೆ ಹೋಗಿ ಚೆಕ್ ಕೊಟ್ಟು, ಮರುನಡೆಯಲ್ಲೇ ಇ7ಕ್ಕೆ ವಾಪಸು ಬರುತ್ತದೆ. ಹೋಗಿ ಬಂದ ದಂಡಕ್ಕೆ ಸಿಕ್ಕಿದ್ದೇನು? ಸಿ3ಕ್ಕೆ ಬಂದ ಬಿಳಿಯ ಕಾಲಾಳು. ಮುಂದೆ ಕಪ್ಪು ಬಿ5, ಬಿ4 ಎಂದು ಕಾಲಾಳು ತಳ್ಳಿದರೆ ಕೊಕ್ಕೆ ಹಾಕಲು ಅಲ್ಲೊಂದು ಗುರಿ ಸಿಕ್ಕಂತಾಯಿತು. ಮತ್ತೊಂದು, 18ನೇ ನಡೆಯಲ್ಲಿ ಸಿ ಕಾಲಾಳಿನಿಂದ ಹೊಡೆದದ್ದು. ಅದರಿಂದ ಸಿ ಸಾಲು ತೆರೆಯಿತು; ಆ ಸಾಲಿನ ಆ ತುದಿಯಲ್ಲಿ ಬಿಳಿಯ ರಾಜನೇ ಕೂತಿದ್ದಾನೆ.

4. ಒಂದು ಬಕೆಟ್, ಎರಡು ಸೋರಿಕೆ

19. ಎಚ್5 ಬಿ5 
20. ಆನೆ ಎಚ್3 ಎ5 
21. ಡಿ-ಆನೆ ಎಫ್1 ಎ-ಆನೆ ಸಿ8 
22. ಆನೆ ಜಿ3 ರಾಜ ಎಚ್7 
23. ಜಿ-ಆನೆ ಎಫ್3 ರಾಜ ಜಿ8 
24. ಆನೆ ಜಿ3 ರಾಜ ಎಚ್7 
25. ಜಿ-ಆನೆ ಎಫ್3 ರಾಜ ಜಿ8 

ಅಲ್ಲಿಗೆ ಡ್ರಾ.

ಮೊದಲು ಕಾಯಿ ಎಣಿಸಿ. ಇಬ್ಬರಿಗೂ ಎರಡೆರಡು ಆನೆ, ಒಂದೊಂದು ಒಂಟೆ, ಏಳೇಳು ಕಾಲಾಳು. ಒಂಟೆಗಳೆರಡೂ ಕಪ್ಪು ಮನೆಗಳಲ್ಲಿ ಓಡಾಡುವವು. ಬಿಳಿಯ ಸಿ3, ಡಿ4, ಇ5ರ ಕಾಲಾಳುಗಳು ಕಪ್ಪು ಮನೆಗಳ ಮೇಲೇ ನಿಂತಿರುವುದರಿಂದ ಬಿಳಿಯ ಒಂಟೆಗೆ ತನ್ನವರೇ ಅಡ್ಡಗೋಡೆ. ಅದಕ್ಕೆ ಉಳಿದಿರುವ ಒಂದೇ ಒಳ್ಳೆಯ ದಾರಿ ಎಚ್6ರತ್ತ ಹೋಗುವ ಓರೆ.

ಈಗ ಬಿಳಿಯ ಯೋಜನೆ. 22ನೇ ನಡೆಯಲ್ಲಿ ಆನೆ ಜಿ3ಕ್ಕೆ ಬಂದಾಗ ಜಿ7ರ ಕಾಲಾಳು ಅಲುಗಾಡುವಂತಿಲ್ಲ. ಅಲುಗಿದರೆ ಹಿಂದಿರುವ ರಾಜನ ಮೇಲೆ ಆನೆಯ ದೃಷ್ಟಿ ಬೀಳುತ್ತದೆ. ಹಾಗಾಗಿ ಒಂಟೆ ಎಚ್6ರ ಕಾಲಾಳನ್ನು ಹೊಡೆದರೆ ತಿರುಗಿ ಹೊಡೆಯುವವರಿಲ್ಲ. ಉತ್ತರ: ರಾಜ ಎಚ್7ಕ್ಕೆ. ಜಿ7ಕ್ಕೆ ಬಿಡುಗಡೆ, ಎಚ್6ಕ್ಕೆ ಕಾವಲು.

ಆದರೆ ರಾಜ ಜಿ8 ಬಿಟ್ಟದ್ದರಿಂದ ಎಫ್7ರ ಕಾಲಾಳಿಗೆ ಉಳಿದದ್ದು ಎಫ್8ರ ಆನೆಯ ಕಾವಲು ಮಾತ್ರ. ಬಿಳಿ ತಕ್ಷಣ ಆನೆಯನ್ನು ಎಫ್3ಕ್ಕೆ ತಂದು, ಎಫ್1ರ ಆನೆಯ ಮುಂದೆ ನಿಲ್ಲಿಸುತ್ತದೆ. ಎಫ್7ರ ಮೇಲೆ ಈಗ ಎರಡು ಆನೆಗಳ ದಾಳಿ, ಕಾಯುವವನು ಒಬ್ಬ. ಉತ್ತರ: ರಾಜ ಮರಳಿ ಜಿ8ಕ್ಕೆ. ಮತ್ತೆ ಆನೆ ಜಿ3. ಮತ್ತೆ ರಾಜ ಎಚ್7.

ಜೂನ್ ತಿಂಗಳಲ್ಲಿ ಹೆಂಚು ಸರಿದ ಮನೆಯಲ್ಲಿ ಇದ್ದವರಿಗೆ ಈ ಆಟ ಗೊತ್ತು. ಸೋರುವ ಜಾಗ ಎರಡು, ಬಕೆಟ್ ಒಂದು. ಗಾಳಿ ಈ ಕಡೆ ಬೀಸಿದಾಗ ಬಕೆಟ್ ಇಲ್ಲಿ, ಆ ಕಡೆ ಬೀಸಿದಾಗ ಅಲ್ಲಿ. ಎರಡೂ ಕಡೆ ಒಂದೇ ಹೊತ್ತಿಗೆ ಸೋರದಿದ್ದರೆ ನೆಲ ಒದ್ದೆಯಾಗುವುದಿಲ್ಲ. ಬಿಳಿಯ ಅದೇ ಒಂದು ಆನೆ ಜಿ3ರಲ್ಲೂ ಎಫ್3ರಲ್ಲೂ ಒಟ್ಟಿಗೆ ಇರಲಾರದು. ಕಪ್ಪಿನ ಬದುಕು ನಿಂತಿರುವುದು ಅಷ್ಟರ ಮೇಲೆ.

ಹಾಗಾದರೆ ಬಿಳಿ ಬೇರೆ ಏನಾದರೂ ಮಾಡಬಹುದಿತ್ತಲ್ಲವೇ? ಮಾಡಬಹುದಿತ್ತು, ಆದರೆ ಬಿಡುವು ಕೊಟ್ಟರೆ ಕಪ್ಪು ಬಿ4 ತಳ್ಳುತ್ತದೆ, ಸಿ ಸಾಲಿನಲ್ಲಿ ಆನೆ ಆಗಲೇ ಬಂದು ಕೂತಿದೆ. ಗೆಲ್ಲಲು ಹೊರಟವನಿಗೆ ಸೋಲಿನ ಭಯ ಹುಟ್ಟುವಷ್ಟು ಎದುರೇಟು ಕಪ್ಪಿನ ಕೈಯಲ್ಲಿ ಇರಲೇಬೇಕು. ಬಿ5 ಮತ್ತು ಎ5 ಎಂಬ ಆ ಎರಡು ಕಾಲಾಳಿನ ನಡೆಗಳು ಇಲ್ಲದಿದ್ದರೆ ಬಿಳಿ ನಡೆಗಳನ್ನು ಮರುಕಳಿಸುತ್ತಲೇ ಇರಲಿಲ್ಲ. ನಿಧಾನವಾಗಿ ಜಿ ಕಾಲಾಳು, ರಾಜ ಎಲ್ಲವನ್ನೂ ಎಳೆದು ತಂದು ಕತ್ತು ಹಿಸುಕುತ್ತಿತ್ತು. ನಮ್ಮ ಜಗಲಿಯ ಮಕ್ಕಳು ಸೋಲುವ ಆಟಗಳಲ್ಲಿ ಕಾಣುವುದು ಇದೇ ಕೊರತೆ. ಕಾಯುತ್ತಾರೆ, ಚೆನ್ನಾಗಿಯೇ ಕಾಯುತ್ತಾರೆ. ಎದುರು ಒಂದು ಕಲ್ಲನ್ನೂ ಎಸೆಯುವುದಿಲ್ಲ.

5. ಡ್ರಾ ಕೇಳುವುದು, ಡ್ರಾ ಪಡೆಯುವುದು

ಇಲ್ಲಿ ನನ್ನ ಒಂದು ಹಳೆಯ ಗಾಯವನ್ನು ತೋರಿಸಲೇಬೇಕು. ಊರು, ಟೂರ್ನಿ ಯಾವುದೆಂಬುದು ಬೇಡ. ನಾನು ಕಪ್ಪು, ಒಂದು ಆನೆ ಕಡಿಮೆ, ಆದರೆ ನನ್ನ ರಾಣಿ ಎದುರಾಳಿಯ ರಾಜನನ್ನು ಚೆಕ್ ಮೇಲೆ ಚೆಕ್ ಕೊಟ್ಟು ಓಡಿಸುತ್ತಿದ್ದಳು. ಅದೇ ಸ್ಥಿತಿ ಮೂರನೇ ಸಲ ಬರುವ ಚೆಕ್ ಆಡಿದೆ, ಗಡಿಯಾರ ಒತ್ತಿದೆ, ಹೆಮ್ಮೆಯಿಂದ ಕೈ ಎತ್ತಿದೆ. ತೀರ್ಪುಗಾರರು ಬಂದು ಗಡಿಯಾರ ನೋಡಿ, "ಈಗ ಸರದಿ ಅವರದು, ನಿಮ್ಮದಲ್ಲ" ಎಂದರು. ಎದುರಾಳಿ ಈ ಬಾರಿ ರಾಜನನ್ನು ಸರಿಸುವ ಬದಲು ಆನೆಯನ್ನು ಅಡ್ಡ ಇಟ್ಟರು. ಚೆಕ್ ಮುಗಿಯಿತು, ಹತ್ತು ನಡೆಗಳಲ್ಲಿ ನಾನೂ ಮುಗಿದೆ. ತೀರ್ಪುಗಾರರ ತಪ್ಪು ಒಂದಿಷ್ಟೂ ಇರಲಿಲ್ಲ. ನಿಯಮ ಓದದೆ ಬಂದವನು ನಾನು.

ಸರಿಯಾದ ಕ್ರಮ ಹೀಗೆ. ಮೂರನೇ ಸಲ ಸ್ಥಿತಿ ಮರುಕಳಿಸುವುದು ನಿಮ್ಮದೇ ನಡೆಯಿಂದ ಎಂದಾದರೆ, ಆ ನಡೆಯನ್ನು ಆಡಬೇಡಿ. ಕಾಯಿ ಮುಟ್ಟಲೂ ಬೇಡಿ. ಮುಟ್ಟಿದರೆ ಆ ನಡೆಗೆ ಕೋರುವ ಹಕ್ಕು ಹೋಯಿತು. ನಡೆಯನ್ನು ಸ್ಕೋರ್‌ಶೀಟ್‌ನಲ್ಲಿ ಬರೆಯಿರಿ, ಗಡಿಯಾರ ನಿಲ್ಲಿಸಿ, ತೀರ್ಪುಗಾರರನ್ನು ಕರೆದು "ಈ ನಡೆ ಆಡಲಿದ್ದೇನೆ, ಆಡಿದರೆ ಸ್ಥಿತಿ ಮೂರನೇ ಸಲ ಬರುತ್ತದೆ" ಎಂದು ಹೇಳಿ. ಎದುರಾಳಿಯ ನಡೆಯಿಂದಲೇ ಮೂರನೇ ಸಲ ಬಂದಿದ್ದರೆ ಬರೆಯುವ ಅಗತ್ಯವಿಲ್ಲ, ನಿಮ್ಮ ಸರದಿ ಇರುವಾಗಲೇ ಕೋರಿದರೆ ಸಾಕು.

ಚೆನ್ನೈನ ಆಟದಲ್ಲಿ ಇದನ್ನು ಎಣಿಸಿ ನೋಡಿ, ಒಳ್ಳೆಯ ಅಭ್ಯಾಸ. ಮೇಲಿಂದ ಮೇಲೆ ನೋಡಿದರೆ ಎಲ್ಲವೂ ಮೂರು ಸಲ ಆದಂತೆ ಕಾಣುತ್ತದೆ, ಆಗಿಲ್ಲ. ಬಿಳಿಯ ಆನೆ ಜಿ3ಕ್ಕೆ ಬಂದದ್ದು 22 ಮತ್ತು 24ನೇ ನಡೆಗಳಲ್ಲಿ, ಅಂದರೆ ಎರಡೇ ಸಲ. 26ನೇ ನಡೆಯಲ್ಲಿ ಮತ್ತೆ ಆನೆ ಜಿ3 ಆಡಿದ್ದರೆ ಅದು ಮೂರನೆಯದಾಗುತ್ತಿತ್ತು. ಆಟ ನಿಂತದ್ದು ಸರಿಯಾಗಿ ಆ ಹೊಸ್ತಿಲಲ್ಲಿ. ನೀವು ಅಲ್ಲಿ ಬಿಳಿಯ ಜಾಗದಲ್ಲಿದ್ದರೆ ಕೈ ಕಟ್ಟಿಕೊಂಡು "26. ಆನೆ ಜಿ3" ಎಂದು ಬರೆದು ತೀರ್ಪುಗಾರರತ್ತ ನೋಡಬೇಕು.

"ಅದೇ ಸ್ಥಿತಿ" ಎಂದರೆ ಅದೇ ಕಾಯಿಗಳು ಅವೇ ಮನೆಗಳಲ್ಲಿ, ಸರದಿಯೂ ಅದೇ ಆಟಗಾರನದು, ಕ್ಯಾಸ್ಲಿಂಗ್ ಹಕ್ಕುಗಳೂ ಬದಲಾಗಿರಬಾರದು. ಮೂರೂ ಸಲ ಬೆನ್ನುಬೆನ್ನಿಗೇ ಬರಬೇಕೆಂದಿಲ್ಲ. ನಡುವೆ ಹತ್ತು ನಡೆ ಕಳೆದಿದ್ದರೂ ಲೆಕ್ಕಕ್ಕೆ ಸೇರುತ್ತದೆ. ಕೋರಿಕೆ ತಪ್ಪೆಂದಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಮತ್ತು ಬರೆದ ನಡೆಯನ್ನು ನೀವು ಆಡಲೇಬೇಕು. ಯಾರೂ ಕೋರದಿದ್ದರೂ ಅದೇ ಸ್ಥಿತಿ ಐದನೇ ಸಲ ಬಂದರೆ ಆಟ ತಾನಾಗಿ ಡ್ರಾ. ಕಾಲಾಳು ಅಲುಗದೆ, ಹೊಡೆತವಿಲ್ಲದೆ ಇಬ್ಬರೂ 50 ನಡೆ ಆಡಿದ್ದರೆ ಕೋರಬಹುದು. 75 ಆದರೆ ಕೇಳುವುದೇ ಬೇಡ.

ನಮ್ಮ ಊರುಗಳ ಭಾನುವಾರದ ಟೂರ್ನಿಗಳು ಹೆಚ್ಚಾಗಿ ರ‍್ಯಾಪಿಡ್, ಅಂದರೆ ಕಡಿಮೆ ಸಮಯದ ಆಟ. ಅಲ್ಲಿ ನಡೆ ಬರೆಯುವುದು ಕಡ್ಡಾಯವಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ. ಆಮೇಲೆ "ಮೂರು ಸಲ ಆಯಿತು", "ಇಲ್ಲ ಎರಡೇ ಸಲ" ಎಂದು ಸಂತೆ. ನೀವು ಬರೆಯಿರಿ. ಕನಿಷ್ಠ ನಡೆಗಳು ಮರುಕಳಿಸಲು ಶುರುವಾದ ಕ್ಷಣದಿಂದಲಾದರೂ ಬರೆಯಿರಿ. ನಿಮ್ಮ ಕೈಯಲ್ಲಿ ಕಾಗದವಿದ್ದರೆ ಮಾತಿಗೆ ತೂಕವಿರುತ್ತದೆ.

ಬಾಯಿಮಾತಿನ ಡ್ರಾಗೂ ಒಂದು ರೀತಿಯಿದೆ. ನಿಮ್ಮ ನಡೆ ಆಡಿ, ಗಡಿಯಾರ ಒತ್ತುವ ಮೊದಲು "ಡ್ರಾ?" ಎಂದು ಕೇಳಿ, ಆಮೇಲೆ ಒತ್ತಿ. ಸ್ಕೋರ್‌ಶೀಟ್‌ನಲ್ಲಿ ಆ ನಡೆಯ ಪಕ್ಕ (=) ಗುರುತು ಹಾಕಿ. ಎದುರಾಳಿ ಬೇಡ ಎನ್ನಬಹುದು, ಅಥವಾ ಏನೂ ಹೇಳದೆ ಕಾಯಿ ಮುಟ್ಟಿದರೂ ಬೇಡ ಎಂದೇ ಅರ್ಥ. ಎರಡು ನಡೆಗೊಮ್ಮೆ ಕೇಳಿ ಪೀಡಿಸಬೇಡಿ, ಅದು ತೊಂದರೆ ಕೊಟ್ಟಂತಾಗಿ ತೀರ್ಪುಗಾರರಿಂದ ಮಾತು ಕೇಳಬೇಕಾದೀತು. ಕೆಲವು ಟೂರ್ನಿಗಳಲ್ಲಿ ಇಂತಿಷ್ಟು ನಡೆಗಳ ಮೊದಲು ಒಪ್ಪಂದದ ಡ್ರಾಗೆ ಅವಕಾಶವೇ ಇರುವುದಿಲ್ಲ. ಮೊದಲ ಸುತ್ತಿಗೆ ಮುನ್ನ ವಿಚಾರಿಸಿಕೊಳ್ಳಿ. ಇನ್ನೊಂದು, ಸೋಲುವ ಸ್ಥಿತಿಯಲ್ಲಿ ಬಲವಾದ ಆಟಗಾರನಿಗೆ ಡ್ರಾ ನೀಡುವುದು "ನಾನು ಹೆದರಿದ್ದೇನೆ" ಎಂದು ಚೀಟಿ ಬರೆದು ಕೊಟ್ಟ ಹಾಗೆ. ನೀವು ತುಸು ಚೆನ್ನಾಗಿರುವಾಗ ಕೇಳಿ, ಒಪ್ಪುತ್ತಾರೆ.

6. ಎದುರಾಳಿ ಈ ದಾರಿಗೆ ಬರದಿದ್ದರೆ

ಬರುವುದಿಲ್ಲ, ಹೆಚ್ಚಿನವರು. ಮೂರನೇ ನಡೆಯಲ್ಲೇ ಇ5 ತಳ್ಳಿದರೆ ನಿಮ್ಮ ಒಂಟೆ ಎಫ್5ಕ್ಕೆ ಹೋಗಲಿ, ಇ6 ಆಮೇಲೆ, ಸಮಯ ನೋಡಿ ಸಿ5. ಇ×ಡಿ5 ಹೊಡೆದರೆ ಸಿ×ಡಿ5. ಇವೆರಡರ ಮೂಲ ವಿಚಾರವೂ ಅದೇ, ಒಂಟೆ ಒಳಗೆ ಸಿಕ್ಕಿಕೊಳ್ಳಬಾರದು. ಹೆಚ್ಚು ಕವಲುಗಳನ್ನು ಬಾಯಿಪಾಠ ಮಾಡುವ ಬದಲು, 18ನೇ ನಡೆಯ ನಂತರದ ಸ್ಥಿತಿಯನ್ನು ಮಂಡಳಿಯ ಮೇಲೆ ಇಟ್ಟು, ತಲಾ 15 ನಿಮಿಷ ಗಡಿಯಾರ ಹಾಕಿ ಆಡಿ. ಒಂದು ಸಲ ಕಪ್ಪು, ಒಂದು ಸಲ ಬಿಳಿ. ಬಿಳಿ ಹಿಡಿದಾಗ ಗೆಲ್ಲಲೇಬೇಕೆಂದು ಹಟ ಹಿಡಿಯಿರಿ. ಕಪ್ಪಿನ ಗೋಡೆಯಲ್ಲಿ ಬಿರುಕು ಎಲ್ಲಿದೆ ಎಂದು ತಿಳಿಯುವುದು ಹೊರಗಿನಿಂದ ಗುದ್ದಿದಾಗಲೇ. ನಮ್ಮ ಜಗಲಿಯಲ್ಲಿ ಈ ಸ್ಥಿತಿಯನ್ನು ಎಷ್ಟು ಸಲ ಆಡಿದ್ದೇವೋ ಲೆಕ್ಕವಿಟ್ಟಿಲ್ಲ. ಒಂಟೆ ಕಳೆದುಕೊಳ್ಳುತ್ತಿದ್ದ ಆ ಹುಡುಗಿ ಈಗ ಕಪ್ಪು ಹಿಡಿದರೆ ನನಗೇ ಅದನ್ನು ಗೆಲ್ಲಲಾಗುತ್ತಿಲ್ಲ.

7. ಹೊರಡುವ ಮುನ್ನ

ಎರಡು ಪೆನ್ನು. ಮಳೆಗಾಲವಾದರೆ ನೋಟ್‌ಬುಕ್‌ಗೊಂದು ಪ್ಲಾಸ್ಟಿಕ್ ಚೀಲ. ಸಭಾಂಗಣದಲ್ಲಿ ಕರೆಂಟ್ ಹೋದರೂ ಬ್ಯಾಟರಿ ಗಡಿಯಾರ ಓಡುತ್ತಲೇ ಇರುತ್ತದೆ. ಕತ್ತಲಲ್ಲಿ ಮಂಡಳಿ ಕಾಣದಿದ್ದರೆ ತಕ್ಷಣ ತೀರ್ಪುಗಾರರನ್ನು ಕರೆದು ಗಡಿಯಾರ ನಿಲ್ಲಿಸಲು ಹೇಳಿ, ಸಂಕೋಚ ಬೇಡ.

ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ನಿಮ್ಮ ಊರಿನ ಕೊನೆಯ ಬಸ್ ಎಷ್ಟಕ್ಕೆ ಎಂದು ಮೊದಲೇ ತಿಳಿದಿಟ್ಟುಕೊಳ್ಳಿ, ಆದರೆ ಎದುರಾಳಿಗೆ ಹೇಳಬೇಡಿ. ಬಸ್ ತಪ್ಪುತ್ತದೆಂದು ಹತ್ತು ಸಲ ಗಡಿಯಾರ ನೋಡಿದವನ ಹತ್ತಿರ ಯಾರು ಡ್ರಾ ಒಪ್ಪುತ್ತಾರೆ? ಗೋಣಿಕೊಪ್ಪದ ಆ ಸಂಜೆ ನನ್ನೆದುರು ಕೂತಿದ್ದವರು ಮೂರು ಸಲ ಕಿಟಕಿಯಾಚೆ ನೋಡಿದರು. ನಾನು ಒಂದು ನಡೆ ಆಡಿ, ಗಡಿಯಾರ ಒತ್ತುವ ಮೊದಲು, ಮೆತ್ತಗೆ ಕೇಳಿದೆ.